ಲೇಸರ್ ಒಂದು ಹೇಳ್ತಿದೆ, ನೀರಿನ ಪೈಪು ಇನ್ನೊಂದು. ಯಾವುದನ್ನ ನಂಬಲಿ?

ಕರಣೆಕೈ:

ಎಲ್ಲರಿಗೂ ನಮಸ್ಕಾರ. ಗಾರೆ ಕೆಲಸಕ್ಕೆ ಇಳಿದು 14 ವರ್ಷ ಆಯ್ತು. ಹೋದ ತಿಂಗಳು ಹಸಿರು ಗೆರೆಯ ಕ್ರಾಸ್‌ಲೈನ್ ಲೇಸರ್ (ಗೋಡೆ ಮೇಲೆ ಮಟ್ಟದ ಗೆರೆ, ನೆಟ್ಟಗಿನ ಗೆರೆ ಬೀಳಿಸೋ ಪೆಟ್ಟಿಗೆ) ತಗೊಂಡೆ. ಚಿಕ್ಕ ರೂಮುಗಳ ಟೈಲ್ಸ್ ಕೆಲಸಕ್ಕೆ ಇಟ್ಟಾಗ ಏನೂ ತಕರಾರು ಮಾಡಲಿಲ್ಲ. ಈಗ ಗೋಡೆ ಕೆಲಸಕ್ಕೆ ತಂದೆ, ಜಗಳ ಶುರುವಾಗಿದೆ.

ಎರಡು ಕಂಬದ ನಡುವೆ 8 ಮೀಟರ್ ಇಟ್ಟಿಗೆ ಗೋಡೆ ಎಬ್ಬಿಸಬೇಕು. ಎಡ ಕಂಬದಿಂದ ಅರ್ಧ ಮೀಟರ್ ದೂರದಲ್ಲಿ ಲೇಸರ್ ನಿಲ್ಲಿಸಿ ಎರಡೂ ಕಂಬಕ್ಕೆ ಮಟ್ಟದ ಗುರುತು ಹಾಕಿದೆ. ನನ್ನ ಮಾವನೂ ಮೇಸ್ತ್ರಿನೇ, ನಂಗೆ ಕರಣೆ ಹಿಡಿಯೋದು ಕಲಿಸಿದವರು. ಸುಮ್ಮನೆ ನೋಡ್ತಾ ನಿಂತಿದ್ದವರು ಆಮೇಲೆ ಮಟ್ಟ ನೋಡೋ ನೀರಿನ ಪೈಪು ಬಿಚ್ಚಿದರು, ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತಲ್ಲ, ಅದು. ಎಡ ಕಂಬದ ನನ್ನ ಗುರುತಿಗೇ ನೀರು ಕೂರಿಸಿ, ಬಲ ಕಂಬಕ್ಕೆ ಪೆನ್ಸಿಲ್ ಗೀಟು ಎಳೆದರು. ನನ್ನ ಗುರುತು ಅವರ ಗೀಟಿಗಿಂತ 6 ಮಿ.ಮೀ. ಮೇಲೆ!

ಲೇಸರ್ ಡಬ್ಬಿ ಮೇಲೆ 10 ಮೀಟರಿಗೆ 3 ಮಿ.ಮೀ. ಹೆಚ್ಚುಕಮ್ಮಿ ಅಂತ ಬರೆದಿದೆ. ಹಾಗಾದ್ರೆ ತಪ್ಪು ಪೈಪಿನದ್ದೇ ಅಲ್ವಾ? ಮಾವ ಒಪ್ಪಲ್ಲ. ಬೆಳಿಗ್ಗೆಯೊಳಗೆ ಇಟ್ಟಿಗೆಯ ಮೊದಲನೇ ವರಸೆ (ಸಾಲು) ಇಡಬೇಕು.

ಮಟ್ಟಗೋಲು:

ತಮ್ಮಾ, ಡಬ್ಬಿ ಮೇಲೆ ಬರೆದಿರೋದು ಅದು ಕಾರ್ಖಾನೆ ಬಿಟ್ಟ ದಿನದ ಮಾತು. ನಿನ್ನ ಕೈಗೆ ಬಂದ ಮೇಲೆ ಎಷ್ಟು ಸಲ ಬಿತ್ತು, ಎಷ್ಟು ಸಲ ಕುಲುಕಿತು ಅಂತ ಡಬ್ಬಿಗೆ ಗೊತ್ತಿಲ್ಲ.

ಮೊದಲು ಪೈಪು ನೋಡು. ಉದ್ದಕ್ಕೂ ಕಣ್ಣಾಡಿಸು, ಒಳಗೆ ಗಾಳಿಗುಳ್ಳೆ ಇದ್ರೆ ಆ ಮಟ್ಟ ಸುಳ್ಳು. ಎಲ್ಲೂ ಮಡಚಿಕೊಂಡಿರಬಾರದು. ಓದುವಾಗ ಎರಡೂ ತುದಿಯಿಂದ ಹೆಬ್ಬೆರಳು ತೆಗೆದಿರಬೇಕು. ಇಷ್ಟು ಸರಿ ಇದ್ರೆ ಪೈಪು ಸುಳ್ಳು ಹೇಳೋದು ಕಮ್ಮಿ.

ಆಮೇಲೆ ಲೇಸರ್‌ಗೇ ಪರೀಕ್ಷೆ ಇಡು. ಎಡ ಕಂಬದಿಂದ ಅರ್ಧ ಮೀಟರ್‌ನಲ್ಲಿ ನಿಲ್ಲಿಸಿ, ಎಡ ಕಂಬಕ್ಕೆ ಒಂದು ಗುರುತು ಹಾಕು. ಅದನ್ನ ಸ್ಟ್ಯಾಂಡ್ ಮೇಲೇ ತಿರುಗಿಸಿ ಅದೇ ಮುಖದ ಬೆಳಕು ಬಲ ಕಂಬಕ್ಕೆ ಬೀಳೋ ಹಾಗೆ ಮಾಡಿ ಅಲ್ಲೊಂದು ಗುರುತು. ಈಗ ಸ್ಟ್ಯಾಂಡ್ ಎತ್ತಿ ಬಲ ಕಂಬದಿಂದ ಅರ್ಧ ಮೀಟರ್‌ಗೆ ತಾ. ಗೆರೆ ಬಲ ಕಂಬದ ಗುರುತಿನ ಮೇಲೇ ಕೂರೋವರೆಗೆ ಎತ್ತರ ಹೊಂದಿಸಿ ಮತ್ತೆ ಎಡಕ್ಕೆ ತಿರುಗಿಸು. ಎಡ ಕಂಬದಲ್ಲಿ ಹೊಸ ಗೆರೆ ಹಳೇ ಗುರುತಿನ ಮೇಲೇ ಬಿದ್ರೆ ಲೇಸರ್ ಸತ್ಯವಂತ. ಬೀಳದಿದ್ರೆ, ಎರಡರ ನಡುವೆ ಎಷ್ಟಿದೆಯೋ ಅದರ ಅರ್ಧ ನಿನ್ನ ಲೇಸರಿನ ತಪ್ಪು. ನಿನ್ನ ಡಬ್ಬಿ ಲೆಕ್ಕದಲ್ಲಿ ಆ ನಡುವಿನ ಅಂತರ 4 ಮಿ.ಮೀ. ಆಸುಪಾಸು ದಾಟಬಾರದು.

ಇನ್ನೊಂದು, ಅಷ್ಟು ದೂರಕ್ಕೆ ಹೋಗೋ ಹೊತ್ತಿಗೆ ಗೆರೆಯೇ ದಪ್ಪ ಆಗಿರುತ್ತೆ. ಒಂದು ಕಡೆ ಮೇಲಂಚು, ಇನ್ನೊಂದು ಕಡೆ ಕೆಳಂಚು ಹಿಡಿದ್ರೆ ಅಲ್ಲೇ 2 ಮಿ.ಮೀ. ಹೋಯ್ತು. ಯಾವಾಗ್ಲೂ ಗೆರೆಯ ನಡು ಹಿಡಿ.

ಬಿಸಿಲುಗಾರ:

ಹೊರಗಡೆ ಕೆಲಸಾನಾ ಅಣ್ಣ? ಹಸಿರು ಬೆಳಕು ಕಣ್ಣಿಗೆ ಕೆಂಪಿಗಿಂತ ಚೆನ್ನಾಗಿ ಕಾಣುತ್ತೆ ನಿಜ, ಆದರೆ ಸುಡುಬಿಸಿಲಲ್ಲಿ ಅದೂ ಕರಗಿ ಹೋಗುತ್ತೆ. ಬಣ್ಣದ ಕನ್ನಡಕ ಹಾಕಿಕೊಂಡ್ರೆ ಸ್ವಲ್ಪ ಎದ್ದು ಕಾಣುತ್ತೆ ಅಷ್ಟೇ, ಅದು ಕಣ್ಣಿಗೆ ರಕ್ಷಣೆ ಅಲ್ಲ, ಕಿರಣದ ಕಡೆ ನೇರ ನೋಡಬೇಡಿ. ರಿಸೀವರ್ ತಗೊಳ್ಳಿ, ಗೆರೆ ಕಾಣದಿದ್ರೂ ಅದು ಬೀಪ್ ಅಂತ ಹೇಳುತ್ತೆ. ನಿಮ್ಮ ಲೇಸರ್‌ನಲ್ಲಿ ಪಲ್ಸ್ ಬಟನ್ (ರಿಸೀವರ್ ಹಿಡಿಯೋ ಹಾಗೆ ಬೆಳಕನ್ನ ಮಿಣುಕಿಸೋದು) ಇದೆಯಾ ಅಂತ ನೋಡಿಕೊಂಡು ತಗೊಳ್ಳಿ.

ಕರಣೆಕೈ:

ಎಡ ಕಂಬದಲ್ಲಿ 11 ಮಿ.ಮೀ. ವ್ಯತ್ಯಾಸ. ಅರ್ಧ ಅಂದ್ರೆ ಐದೂವರೆ. ಮಾವನ ಪೈಪು ಹೇಳಿದ್ದಕ್ಕೆ ಕೂದಲೆಳೆ ದೂರ. ಪೈಪಲ್ಲಿ ಒಂದೇ ಒಂದು ಗುಳ್ಳೆ ಇರಲಿಲ್ಲ, ನಾನೇ ಬಗ್ಗಿ ಬಗ್ಗಿ ನೋಡಿದೆ.

ತಪ್ಪು ನಂದೇ ಅನ್ಸುತ್ತೆ. ಲೇಸರ್ ಒಳಗೆ ಒಂದು ಲೋಲಕ ತೂಗಾಡ್ತಿರುತ್ತಲ್ಲ, ಅದಕ್ಕೊಂದು ಲಾಕ್ ಇದೆ. ಮೂರು ವಾರ ಲಾಕ್ ಹಾಕದೇ ಬೈಕಿನ ಬ್ಯಾಗಲ್ಲಿ ಹಾಕ್ಕೊಂಡು ಓಡಾಡಿದ್ದೀನಿ. ಗುಂಡಿ ರಸ್ತೆ ಬೇರೆ. ಮಾವನಿಗೆ ಇದನ್ನ ಹೇಳಿಲ್ಲ, ನೀವೂ ಹೇಳಬೇಡಿ.

ಪ್ರಶ್ನೆ: ಸರ್ವೀಸಿಗೆ ಕೊಟ್ಟು ಬರೋವರೆಗೆ ಇದನ್ನ ಮೂಲೆಗೆ ಹಾಕಬೇಕಾ?

ಮಟ್ಟಗೋಲು:

ಬೇಡ. ಎರಡು ಕಂಬದ ಸರಿ ನಡುವೆ, 4 ಮೀಟರ್‌ನಲ್ಲಿ ನಿಲ್ಲಿಸು. ಅದೇ ಮುಖ ಎಡಕ್ಕೆ ತಿರುಗಿಸಿ ಗುರುತು, ಬಲಕ್ಕೆ ತಿರುಗಿಸಿ ಗುರುತು. ಬೆಳಕು ಎಷ್ಟು ಏರಿದ್ರೂ ಎರಡು ಕಡೆಗೂ ಒಂದೇ ಅಷ್ಟು ಏರುತ್ತೆ, ಗುರುತುಗಳು ಒಂದಕ್ಕೊಂದು ಮಟ್ಟವಾಗೇ ಇರುತ್ತೆ. ಸರ್ವೆಯವರು ಲೆವೆಲ್ ಮೆಷಿನ್ನನ್ನ ಎರಡು ಕೋಲಿನ ನಡುವೆ ಇಡೋದು ಇದಕ್ಕೇ. ಆದರೆ ನಡುವೆ ಸಿಗೋ ಜಾಗಗಳನ್ನ ಆ ಬೆಳಕಿಂದ ಅಳೀಬೇಡ. ಎರಡು ಗುರುತಿಗೆ ದಾರ ಬಿಗಿ, ದಾರದಿಂದ ಕೆಳಕ್ಕೆ ಅಳೆ.

ಲೇಸರ್ ಇದೆ ಅಂತ ದಾರ ಬಿಡಬೇಡ. ಇಟ್ಟಿಗೆ ಇಡೋಕೆ ನೀನು ಬಗ್ಗಿದ ತಕ್ಷಣ ನಿನ್ನ ಬೆನ್ನೇ ಬೆಳಕಿಗೆ ಅಡ್ಡ. ಗೋಡೆಯ ಎರಡೂ ಮೂಲೆಗೆ ನಿಲ್ಲಿಸೋ ಅಳತೆಪಟ್ಟಿಗಳನ್ನ ಮಟ್ಟಕ್ಕೆ, ತೂಕಕ್ಕೆ (ನೆಟ್ಟಗೆ) ನಿಲ್ಲಿಸೋಕೆ ಮಾತ್ರ ಲೇಸರ್ ಇಟ್ಟುಕೋ. ಪಟ್ಟಿ ಮೇಲೆ 100 ಮಿ.ಮೀ.ಗೊಂದು ಗೀಟು, 90ರ ಇಟ್ಟಿಗೆಗೆ 10 ಗಾರೆ. ವರಸೆಗೊಂದು ಗೀಟು ದಾರ ಮೇಲೇರಿಸ್ತಾ ಹೋಗು.

ಕರಣೆಕೈ:

ನಡುವೆ ಇಟ್ಟು ನೋಡಿದೆ, ಪೈಪಿನ ಗೀಟಿಗೂ ಅದಕ್ಕೂ 1 ಮಿ.ಮೀ. ಕೂಡ ಇಲ್ಲ. ದಾರ ಬಿಗಿದು ಪಾಯದ ತಲೆಗೆ ಅಳೆದೆ: ಎಡಕ್ಕೆ 1012, ನಡುವೆ 998, ಬಲಕ್ಕೆ 1020. ಅಳತೆ ಕಮ್ಮಿ ಇದ್ದಲ್ಲೇ ಎತ್ತರ ಅಂತ ಹೊಳೆಯೋಕೆ ಒಂದು ನಿಮಿಷ ಬೇಕಾಯ್ತು, ನಗಬೇಡಿ. ನಡುವೆ ಉಬ್ಬು, ಬಲಕ್ಕೆ 22 ಮಿ.ಮೀ. ಇಳಿಜಾರು. ಉಬ್ಬಿನ ಮೇಲೆ 10 ಗಾರೆ ಹಾಕಿದ್ರೆ ಬಲ ತುದಿಗೆ 32 ಬೇಕು.

ಮಟ್ಟಗೋಲು:

32 ಗಾರೆ ಹಾಕಿ ಅದರ ಮೇಲೆ ಇಟ್ಟಿಗೆ ಕೂರಿಸಿದ್ರೆ ಹಸಿಯಲ್ಲೇ ಕುಸಿಯುತ್ತೆ. ತಗ್ಗಿದ ಕಡೆಗೆ ಸಣ್ಣ ಜಲ್ಲಿ ಕಾಂಕ್ರೀಟು ಹಾಕಿ ಉಬ್ಬಿನ ಮಟ್ಟಕ್ಕೆ ತಾ, ಗಟ್ಟಿಯಾಗೋಕೆ ಬಿಡು. ಬೆಳಿಗ್ಗೆ ವರಸೆ ಇಡೋ ಆಸೆ ಬಿಟ್ಟುಬಿಡು.

ಕರಣೆಕೈ:

ಸರಿ ಅಣ್ಣ. ಮಾವ ಇವತ್ತು ಪೈಪಿನ ನೀರು ಚೆಲ್ಲಿ ಸುತ್ತಿಡ್ತಾ, "ಮೂಲೆ ನಾನು ಏರಿಸ್ತೀನಿ, ನೀನು ಆ ಪೆಟ್ಟಿಗೆ ನಡುವಲ್ಲೇ ಇಡು" ಅಂದ್ರು. ಹೋಗ್ತಾ ಲಾಕ್ ಬಟನ್ ಕಡೆಗೆ ಒಂದು ಸಲ ನೋಡಿದ್ರು. ಗೊತ್ತಾಗಿದೆ ಅನ್ಸುತ್ತೆ.

ಮಟ್ಟಗೋಲು:

ಗೊತ್ತಾಗದೇ ಇರುತ್ತಾ! ಕಂಬದ ಮೇಲಿನ ಗುರುತು ಅಳಿಸಬೇಡ. ಸರ್ವೀಸಿಂದ ಬಂದ ದಿನ ಅಲ್ಲೇ ಇನ್ನೊಂದು ಸಲ ಪರೀಕ್ಷೆ ಮಾಡು.