ಡಿಶ್‌ವಾಷರ್ ಇ-15 ತೋರಿಸಿ ನಿಂತಿದೆ, ಪಂಪ್ ಮಾತ್ರ ಓಡುತ್ತಲೇ ಇದೆ

ಬಿಸಿಲೂರ ಸೊಸೆ (ರಾಯಚೂರು)

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿಯಿಂದ ನಮ್ಮ ಡಿಶ್‌ವಾಷರ್ ಇ-15 ಅಂತ ತೋರಿಸುತ್ತಿದೆ. ಪಕ್ಕದಲ್ಲಿ ನಲ್ಲಿಯ ಚಿತ್ರವೂ ಮಿನುಗುತ್ತಿದೆ. ಬಟನ್ ಒತ್ತಿ ಆಫ್ ಮಾಡಿದರೂ ಒಳಗಿಂದ ಗುಂಯ್ ಅಂತ ಪಂಪ್ ಓಡುವ ಸದ್ದು ಬರುತ್ತದೆ, ಗೋಡೆಯ ಸ್ವಿಚ್ ಆರಿಸಿದರೆ ಮಾತ್ರ ನಿಲ್ಲುತ್ತದೆ. ಬಾಗಿಲು ತೆಗೆದರೆ ಒಳಗೆ ನೀರೇ ಇಲ್ಲ. ನೆಲವೂ ಒಣಗಿದೆ. ಜಾಲರಿ ತೆಗೆದು ತೊಳೆದೆ, ಅದರಲ್ಲಿ ಎರಡು ಶೇಂಗಾ ಬೀಜ ಬಿಟ್ಟರೆ ಏನೂ ಸಿಗಲಿಲ್ಲ.

ಕಂಪನಿಗೆ ಫೋನ್ ಮಾಡಿದರೆ ರಾಯಚೂರಿನಲ್ಲಿ ಅವರ ಮೆಕ್ಯಾನಿಕ್ ಇಲ್ಲವಂತೆ, ಬೇರೆ ಊರಿಂದ ಬರಬೇಕಂತೆ, ಮುಂದಿನ ವಾರ ನೋಡೋಣ ಅಂದರು. ವಾಷಿಂಗ್ ಮಷಿನ್ ರಿಪೇರಿ ಮಾಡುವವರೊಬ್ಬರನ್ನು ಕರೆಸಿದೆವು. ಅವರು ಒಂದು ಸ್ಕ್ರೂ ಕೂಡ ಬಿಚ್ಚದೆ "ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಹೋಗಿದೆ ಮೇಡಂ, ಎಂಟೊಂಬತ್ತು ಸಾವಿರ ಆಗುತ್ತೆ" ಅಂದುಬಿಟ್ಟರು. ಅತ್ತೆಯವರು ಮೊದಲಿಂದಲೂ ಈ ಮಷಿನ್ ಬೇಡ ಅಂದವರು. ಈಗ ಮನೆಯಲ್ಲಿ ನನ್ನ ಪರಿಸ್ಥಿತಿ ನೀವೇ ಊಹಿಸಿಕೊಳ್ಳಿ.

ಮಷಿನ್ ಇಟ್ಟಿರುವುದು ಅಡುಗೆಮನೆ ಹಿಂದೆ ಪಾತ್ರೆ ತೊಳೆಯುವ ಜಾಗದಲ್ಲಿ. ಬೋರ್ ನೀರು. ಅಂಗಡಿಯಲ್ಲಿ ಸಿಗುವ ಡಿಶ್‌ವಾಷರ್ ಸೋಪಿನ ಮಾತ್ರೆಯನ್ನೇ ಹಾಕುತ್ತೇವೆ, ಬೇರೆ ಸೋಪು ಹಾಕಿಲ್ಲ. ನಿಜವಾಗಲೂ ಬೋರ್ಡೇ ಹೋಗಿದೆಯಾ?

ಕೋಟೆ ಬದಿಯವ (ಬಳ್ಳಾರಿ)

ಅಕ್ಕಾ, ಸದ್ಯಕ್ಕೆ ಯಾರಿಗೂ ದುಡ್ಡು ಕೊಡಬೇಡಿ. ಬೋರ್ಡ್ ಹೋಗಿದ್ದರೆ ಅದು ಇಷ್ಟು ಶಿಸ್ತಾಗಿ ಕೋಡ್ ತೋರಿಸಿ ಪಂಪ್ ಓಡಿಸುತ್ತಿರಲಿಲ್ಲ. ಇದು ಮಷಿನ್ ತನ್ನ ಕೆಲಸ ಸರಿಯಾಗಿ ಮಾಡುತ್ತಿರುವ ಲಕ್ಷಣ.

ಈ ತರದ ಮಷಿನ್‌ಗಳ ತಳದಲ್ಲಿ ಒಂದು ತಟ್ಟೆ ಇರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಎಲ್ಲಿಂದಲಾದರೂ ನೀರು ಸೋರಿದರೆ ಆ ತಟ್ಟೆಗೆ ಬೀಳುತ್ತದೆ. ಅದರಲ್ಲಿ ಥರ್ಮಾಕೋಲಿನ ಒಂದು ತುಂಡು ತೇಲುವ ಹಾಗೆ ಇಟ್ಟಿರುತ್ತಾರೆ. ನೀರು ಏರಿದರೆ ತುಂಡು ಏರಿ ಒಂದು ಸಣ್ಣ ಸ್ವಿಚ್ ಒತ್ತುತ್ತದೆ. ಆಗ ಮಷಿನ್ ಒಳಬರುವ ನೀರು ಬಂದ್ ಮಾಡಿ, ಇರುವ ನೀರನ್ನು ಹೊರಹಾಕಲು ಪಂಪ್ ಓಡಿಸುತ್ತದೆ. ತಮಾಷೆ ಏನಂದರೆ ಆ ಪಂಪ್‌ಗೆ ಪಾತ್ರೆ ಇಡುವ ಭಾಗದ ನೀರು ಮಾತ್ರ ಸಿಗುತ್ತದೆ, ತಳದ ತಟ್ಟೆಯ ನೀರು ಸಿಗುವುದೇ ಇಲ್ಲ. ಹಾಗಾಗಿ ಅದು ಸುಮ್ನೆ ಓಡುತ್ತಲೇ ಇರುತ್ತದೆ. ನೆಲ ಒಣಗಿದೆ ಅಂತ ಸೋರಿಲ್ಲ ಅಂದುಕೊಳ್ಳಬೇಡಿ, ನೀರು ತಟ್ಟೆಯಲ್ಲೇ ನಿಂತಿದೆ.

ಮೊದಲು ಪ್ಲಗ್ ಕೀಳಿ. ಸ್ವಿಚ್ ಆರಿಸಿದರೆ ಸಾಲದು, ಕಿತ್ತೇ ಇಡಿ. ನೀರಿನ ನಲ್ಲಿ ಬಂದ್ ಮಾಡಿ. ಪಾತ್ರೆ, ಜಾಲರಿ ಬುಟ್ಟಿ ಎಲ್ಲ ತೆಗೆಯಿರಿ. ಆಮೇಲೆ ಇಬ್ಬರು ಸೇರಿ ಮಷಿನ್ ಮುಂದಕ್ಕೆ ಎಳೆದು, ನಿಧಾನಕ್ಕೆ ಹಿಂದಕ್ಕೆ ವಾಲಿಸಿ, ಸುಮಾರು 45 ಡಿಗ್ರಿ ಇದ್ದರೆ ಸಾಕು. ಹಳೆ ಬಟ್ಟೆ ಹಾಸಿಟ್ಟುಕೊಳ್ಳಿ, ನೀರು ಹಿಂದಿನಿಂದ ಬರುತ್ತದೆ. ಪೂರ್ತಿ ಮಲಗಿಸಬೇಡಿ, ಒಳಗಿನ ವೈರ್‌ಗಳಿಗೆ ನೀರು ಹೋಗುತ್ತದೆ. ಒಬ್ಬರೇ ಮಾಡುವ ಸಾಹಸವೂ ಬೇಡ, ಒಳ್ಳೆ ಭಾರ ಇರುತ್ತದೆ, ಪೈಪ್ ಮಡಚಿಕೊಂಡರೆ ಅದು ಇನ್ನೊಂದು ತಲೆನೋವು.

ಊರ ಉಸಾಬರಿ (ಸಿಂಧನೂರು)

ಇಷ್ಟೆಲ್ಲ ಯಾಕೆ? ನಮ್ಮಲ್ಲಿ ಇದೇ ಕೋಡ್ ಬಂದಾಗ ಪ್ಲಗ್ ಕಿತ್ತು ಒಂದೆರಡು ದಿನ ಹಾಗೇ ಬಿಟ್ಟೆವು. ತಾನಾಗೇ ಹೋಯಿತು. ಈ ಬಿಸಿಲಿಗೆ ಯಾವ ನೀರು ತಾನೇ ನಿಲ್ಲುತ್ತದೆ.

ಕೋಟೆ ಬದಿಯವ (ಬಳ್ಳಾರಿ)

ನೀರು ಆರಿದರೆ ಕೋಡ್ ಹೋಗುತ್ತದೆ, ನಿಜ ಅಣ್ಣಾ. ಆದರೆ ಸೋರುವುದು ನಿಂತಿತಾ? ಕಾರಣ ಹುಡುಕದಿದ್ದರೆ ಮತ್ತೆ ಬರುತ್ತದೆ, ಅದೂ ಮನೆ ತುಂಬ ನೆಂಟರು ಬಂದ ದಿನವೇ.

ಅಕ್ಕಿ ನಾಡಿನವಳು (ಗಂಗಾವತಿ)

ಮೇಲಿನವರು ಹೇಳಿದ್ದು ಸರಿ. ಕೋಡ್ ಬರೀ ನೀರು ಎಲ್ಲಿದೆ ಅಂತ ಹೇಳುತ್ತದೆ, ಹೇಗೆ ಬಂತು ಅಂತ ಹೇಳುವುದಿಲ್ಲ. ಅದನ್ನು ನಾವೇ ಹುಡುಕಬೇಕು. ವಾಲಿಸಿದಾಗ ಬರುವ ನೀರನ್ನು ಒಂದು ಬಟ್ಟಲಲ್ಲಿ ಹಿಡಿದು ನೋಡಿ. ತಿಳಿಯಾಗಿದ್ದರೆ ಒಳಬರುವ ಪೈಪಿನ ಜೋಡಣೆ ಸಡಿಲ ಇರಬಹುದು. ಜಿಡ್ಡಾಗಿ ವಾಸನೆ ಇದ್ದರೆ ಪಾತ್ರೆ ತೊಳೆದ ನೀರು, ಅಂದರೆ ಬಾಗಿಲ ರಬ್ಬರೋ ಒಳಗಿನ ಪೈಪೋ. ನೊರೆ ಬಂದರೆ ಕಾರಣ ಸೋಪು.

ನೀವು ಮಾತ್ರೆ ಮಾತ್ರ ಹಾಕುತ್ತೀರಿ ಅಂದಿರಿ. ಆದರೆ ಪಾತ್ರೆಗಳನ್ನು ಮಷಿನ್‌ಗೆ ಇಡುವ ಮುಂಚೆ ಯಾರಾದರೂ ಸೋಪು ಹಚ್ಚಿ ಉಜ್ಜುತ್ತಾರಾ? ನಮ್ಮ ಕಡೆ ಇದೇ ಜಾಸ್ತಿ ಆಗುವುದು. ಕೈ ಸೋಪಿಗೂ ಲಿಕ್ವಿಡ್‌ಗೂ ನೊರೆ ವಿಪರೀತ, ಮಷಿನ್ ಮಾತ್ರೆಗೆ ನೊರೆ ಬಹಳ ಕಡಿಮೆ. ಬಾಣಲೆಯ ಮೂಲೆಯಲ್ಲಿ ಅಂಟಿದ ಸೋಪೂ ಸಾಕು, ಒಳಗೆ ನೀರು ರಭಸವಾಗಿ ಎರಚುತ್ತದಲ್ಲ, ಹಾಲು ಉಕ್ಕಿದ ಹಾಗೆ ನೊರೆ ಎದ್ದು ಬಾಗಿಲ ಕೆಳಗಿನ ಸಂದಿಯಿಂದ ತಟ್ಟೆಗೆ ಇಳಿಯುತ್ತದೆ. ಹೊಳಪಿಗೆ ಹಾಕುವ ರಿನ್ಸ್ ಏಡ್ ಚೆಲ್ಲಿದರೂ ಹೀಗೇ ಆಗುತ್ತದೆ.

ಇನ್ನೊಂದು, ಪಾತ್ರೆ ತೊಳೆಯುವ ಜಾಗ ಅಂದಿರಿ. ಅಲ್ಲಿ ನೆಲಕ್ಕೆ ಮೋರಿ ಕಡೆ ಇಳಿಜಾರು ಕೊಟ್ಟಿರುತ್ತಾರೆ ಅಲ್ವಾ? ಮಷಿನ್ ಮುಂದಕ್ಕೆ ಬಾಗಿ ನಿಂತಿದ್ದರೆ ನೀರೆಲ್ಲ ಬಾಗಿಲ ಕಡೆಗೆ ಬಂದು ನಿಲ್ಲುತ್ತದೆ. ಗೌಂಡಿಗಳ ಹತ್ತಿರ ಲೆವೆಲ್ ಇರುತ್ತದೆ, ಇಸಿದುಕೊಂಡು ಒಮ್ಮೆ ಇಟ್ಟು ನೋಡಿ. ಮುಂದಿನ ಕಾಲು ತಿರುಗಿಸಿದರೆ ಎತ್ತರ ಬದಲಾಗುತ್ತದೆ.

ಬಿಸಿಲೂರ ಸೊಸೆ (ರಾಯಚೂರು)

ಅಕ್ಕಾ, ಅಣ್ಣಾ, ನಮ್ಮನೆಯವರೂ ಮೈದುನನೂ ಸೇರಿ ವಾಲಿಸಿದರು. ಒಂದು ಚೊಂಬಿಗಿಂತ ಜಾಸ್ತಿ ನೀರು ಬಂತು! ನೊರೆನೊರೆಯಾಗಿ ನಿಂಬೆ ವಾಸನೆ. ನಾವು ಹಾಕುವ ಮಾತ್ರೆಗೆ ಆ ವಾಸನೆ ಇಲ್ಲವೇ ಇಲ್ಲ. ಕೆಲಸಕ್ಕೆ ಬರುವ ಅಕ್ಕನನ್ನು ಕೇಳಿದರೆ, "ಎಣ್ಣೆಗಾಯಿ ಬಾಣಲೆ ಹಾಗೇ ಇಟ್ಟರೆ ಮಷಿನ್ ಕೆಡುತ್ತದೆ ಅಂತ ನಾನೇ ಒಂದು ಕೈ ಉಜ್ಜಿ ಇಡುತ್ತೇನೆ" ಅಂದರು. ಪಾಪ, ಒಳ್ಳೆಯದಕ್ಕೇ ಮಾಡಿದ್ದಾರೆ. ಲೆವೆಲ್ ಕೂಡ ಇಟ್ಟು ನೋಡಿದೆವು, ಮುಂದಕ್ಕೆ ಚೆನ್ನಾಗಿಯೇ ಬಾಗಿದೆ. ಈಗ ಪ್ಲಗ್ ಹಾಕಿದರೆ ಕೋಡ್ ಇಲ್ಲ, ಪಂಪ್ ಸದ್ದೂ ಇಲ್ಲ. ತೊಳೆಯಲು ಹಾಕಬಹುದಾ?

ಅಕ್ಕಿ ನಾಡಿನವಳು (ಗಂಗಾವತಿ)

ಮೊದಲು ಕಾಲು ತಿರುಗಿಸಿ ನೆಟ್ಟಗೆ ಮಾಡಿ. ಆಮೇಲೆ ಪಾತ್ರೆ ಇಲ್ಲದೆ, ಮಾತ್ರೆ ಇಲ್ಲದೆ ಬರೀ ನೀರಲ್ಲಿ ಓಡಿಸಿ. ಮಧ್ಯದಲ್ಲಿ ನಿಲ್ಲಿಸಿ ಬಾಗಿಲು ತೆಗೆದು ನೋಡಿ, ನೊರೆ ಇದ್ದರೆ ಇನ್ನೊಮ್ಮೆ ಓಡಿಸಿ. ಒಳಬರುವ ಪೈಪಿನ ಜೋಡಣೆ ಹತ್ತಿರ ಒಣ ಕಾಗದ ಸುತ್ತಿಡಿ, ಒದ್ದೆಯಾಗದಿದ್ದರೆ ಆ ಜಾಗ ಸರಿ ಇದೆ ಅಂತ ಅರ್ಥ. ಇಷ್ಟಾದ ಮೇಲೂ ಇ-15 ಬಂದರೆ ಒಳಗೇ ಎಲ್ಲೋ ಸೋರುತ್ತಿರಬಹುದು. ಆಗ ಮೆಕ್ಯಾನಿಕ್‌ಗೆ ಕಾಯಲೇಬೇಕು, ನೀವು ಬಿಚ್ಚಲು ಹೋಗಬೇಡಿ. ನಲ್ಲಿಗೆ ಹಾಕುವ ಪೈಪಿನ ತುದಿಯಲ್ಲಿ ದಪ್ಪ ಡಬ್ಬಿ ಇದ್ದರೆ ಅದರೊಳಗೂ ಕರೆಂಟಿನ ವಾಲ್ವ್ ಇರುತ್ತದೆ, ಅದನ್ನು ಕತ್ತರಿಸುವುದು, ನೀರಲ್ಲಿ ಅದ್ದುವುದು ಬೇಡ.

ಬೋರ್ ನೀರು ಅಂದಿರಿ, ಗಡಸು ನೀರನ್ನು ಮೆದು ಮಾಡಲು ಮಷಿನ್ ಒಳಗೆ ಇರುವ ಉಪ್ಪಿನ ಡಬ್ಬಿ ಖಾಲಿ ಬಿಡಬೇಡಿ. ಅಡುಗೆ ಉಪ್ಪಲ್ಲ, ಡಿಶ್‌ವಾಷರ್‌ಗೆ ಅಂತಲೇ ಬರುವ ದಪ್ಪ ಉಪ್ಪು. ಗಡಸು ನೀರಿಗೆ ಬಾಗಿಲ ರಬ್ಬರ್ ಮೇಲೆ ಬಿಳಿ ಪದರ ಕಟ್ಟಿಕೊಳ್ಳುತ್ತದೆ, ಆಗಾಗ ಒದ್ದೆ ಬಟ್ಟೆಯಲ್ಲಿ ಒರೆಸಿ.

ಕೊಪ್ಪಳದ ಕಾಕಾ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮದು ಬೇರೆ ಕಂಪನಿ, ಅದರಲ್ಲಿ ಐ-ಇ ಅಂತ ಬರುತ್ತದೆ. ಇದನ್ನೂ ವಾಲಿಸಬೇಕಾ?

ಕೋಟೆ ಬದಿಯವ (ಬಳ್ಳಾರಿ)

ಬೇಡ ಕಾಕಾ! ಕಂಪನಿ ಬದಲಾದರೆ ಕೋಡಿನ ಅರ್ಥವೂ ಬದಲು, ಮೊದಲು ಪುಸ್ತಕ ನೋಡಿ. ಸಾಮಾನ್ಯವಾಗಿ ಐ-ಇ ಅಂದರೆ ನೀರು ಸಾಕಷ್ಟು ಬರುತ್ತಿಲ್ಲ. ಮನೆ ಒಂದೇ ಅಂತಸ್ತಾ, ಟ್ಯಾಂಕ್ ಮಾಳಿಗೆ ಮೇಲೇ ಇದೆಯಾ? ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ಬಾರ್ ಒತ್ತಡ. ಮಾಳಿಗೆ ಮೇಲಿನ ಟ್ಯಾಂಕಿಂದ ಕೆಳಗಿನ ನಲ್ಲಿಗೆ ಮೂರು ಮೀಟರ್ ಇದ್ದರೆ 0.3 ಬಾರ್ ಅಷ್ಟೇ. ಬಹಳಷ್ಟು ಮಷಿನ್‌ಗಳಿಗೆ ಕಡಿಮೆ ಅಂದರೂ 0.5 ಬೇಕು. ಮೊದಲು ಪೈಪ್ ಬಿಚ್ಚಿ ಅದರ ಬಾಯಲ್ಲಿರುವ ಸಣ್ಣ ಜಾಲರಿ ತೊಳೆಯಿರಿ, ಮಳೆಗಾಲದಲ್ಲಿ ಹೊಳೆ ನೀರು ಕೆಂಪಗೆ ಬಂದಾಗ ಅದರಲ್ಲಿ ರಾಡಿ ಕಟ್ಟುತ್ತದೆ. ಆದರೂ ಬಂದರೆ ಒಂದು ಸಣ್ಣ ಪ್ರೆಶರ್ ಪಂಪ್ ಹಾಕಿಸಿಕೊಳ್ಳಿ.

ಬಿಸಿಲೂರ ಸೊಸೆ (ರಾಯಚೂರು)

ಎರಡು ಸಲ ಬರೀ ನೀರಲ್ಲಿ ಓಡಿಸಿದೆವು, ಎರಡನೇ ಸಲ ನೊರೆ ಇರಲಿಲ್ಲ. ಕಾಗದವೂ ಒಣಗಿಯೇ ಇದೆ. ಈಗ ರಾತ್ರಿಯ ಪಾತ್ರೆ ಹಾಕಿದ್ದೇನೆ, ಅತ್ತೆ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಬೋರ್ಡ್ ಅಂದವರ ಫೋನ್ ಬಂದಿತ್ತು, ಬೇಡ ಅಂದೆ.