ಸ್ಪ್ಯಾನಿಷ್ ಮೇಲ್ತರಗತಿಯಲ್ಲಿ ಸಂಸ್ಕೃತಿಯನ್ನು ಕಲಿಸುವುದು ಹೇಗೆ?

ಪ್ರಶ್ನೆ (ಶಿಕ್ಷಕಿ, ಮಡಿಕೇರಿ):
ಹನ್ನೊಂದು, ಹನ್ನೆರಡನೆಯ ತರಗತಿಯ ಕೆಲವು ಮಕ್ಕಳಿಗೆ ಸ್ಪ್ಯಾನಿಷ್ ಹೇಳಿಕೊಡುತ್ತಿದ್ದೇನೆ. ಅಮೆರಿಕದ ಕಾಲೇಜ್ ಬೋರ್ಡ್ ನಡೆಸುವ, ಕಾಲೇಜು ಮಟ್ಟದ ಎ.ಪಿ. (ಅಡ್ವಾನ್ಸ್ಡ್ ಪ್ಲೇಸ್ಮೆಂಟ್) ಪರೀಕ್ಷೆಗೆ ಅವರು ಕೂರಲಿದ್ದಾರೆ. ಇದುವರೆಗಿನ ಪ್ರಶ್ನೆಪತ್ರಿಕೆಗಳಲ್ಲಿ ಸ್ಪ್ಯಾನಿಷ್ ಆಡುವ ಒಂದು ಸಮುದಾಯವನ್ನು ತಮ್ಮದೇ ಅಥವಾ ಮತ್ತೊಂದು ಸಮುದಾಯದೊಂದಿಗೆ ಹೋಲಿಸಿ ಎರಡು ನಿಮಿಷ ಮಾತನಾಡುವ ಭಾಗವಿದೆ. ಮಕ್ಕಳ ವ್ಯಾಕರಣ ಗಟ್ಟಿಯಾಗಿದೆ. ಆದರೆ ಸಂಸ್ಕೃತಿಯ ಪಾಠ ಮಾತ್ರ ಗೂಳಿ ಕಾಳಗ, ಫ್ಲಾಮೆಂಕೊ, ಟಾಕೊಗಳ ಚಿತ್ರ ತೋರಿಸುವುದರಲ್ಲೇ ಮುಗಿಯುತ್ತಿದೆ. ಆ ಭಾಷೆ ಅಧಿಕೃತವಾಗಿರುವ 20 ದೇಶಗಳನ್ನು ಒಂದೇ ವರ್ಷದಲ್ಲಿ ಮುಟ್ಟಿಬರುವುದಂತೂ ಆಗದ ಮಾತು. ಎಲ್ಲಿಂದ ಹಿಡಿಯಲಿ?

ಉತ್ತರ 1 (ಕಾಫಿ ಬೆಳೆಗಾರ, ಸಿದ್ದಾಪುರ):
ಮೇಡಂ, ಕೊಲಂಬಿಯಾ ಒಂದನ್ನೇ ಹಿಡಿಯಿರಿ. ತೋಟದ ಮನೆಯ ಮಕ್ಕಳಿಗೆ ಕಾಫಿ ಹೊಸದಲ್ಲ, ಆದ್ದರಿಂದಲೇ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ. ನಮ್ಮ ಕೊಯ್ಲು ವರ್ಷಕ್ಕೊಮ್ಮೆ. ಸಮಭಾಜಕ ವೃತ್ತದ ಹತ್ತಿರವಿರುವ ಆ ನಾಡಿನಲ್ಲಿ ಮಳೆಗಾಲ ಎರಡು ಸಲ ಬರುವುದರಿಂದ, ಅನೇಕ ಕಡೆ ದೊಡ್ಡ ಕೊಯ್ಲಿನ ಜೊತೆಗೆ ‘ಮಿತಾಕಾ’ ಎಂಬ ಸಣ್ಣ ಕೊಯ್ಲೂ ಇರುತ್ತದೆ. 1927ರಲ್ಲಿ ಸ್ಥಾಪನೆಯಾದ ಅಲ್ಲಿನ ಬೆಳೆಗಾರರ ಒಕ್ಕೂಟ ಬೆಳೆಗಾರ ತಂದ ಕಾಫಿಯನ್ನು ಕೊಳ್ಳುವ ಖಾತರಿಯನ್ನು ಇಂದಿಗೂ ಕೊಡುತ್ತದೆ. ಬೆಳೆಗಾರರ ಕಾಫಿಯನ್ನು ಒಟ್ಟುಗೂಡಿಸಿ ತಾನೇ ಮಾರುತ್ತಿದ್ದ ನಮ್ಮ ಕಾಫಿ ಮಂಡಳಿಯ ಪೂಲ್ ಪದ್ಧತಿಯಾದರೋ 1990ರ ದಶಕದಲ್ಲಿ ಕೊನೆಗೊಂಡಿತು. ಪೂಲ್ ಇದ್ದ ಕಾಲ ಹೇಗಿತ್ತೆಂದು ಮನೆಯ ಹಿರಿಯರನ್ನು ವಿಚಾರಿಸಿಕೊಂಡು ಬಂದು ಮಕ್ಕಳು ಸ್ಪ್ಯಾನಿಷ್‌ನಲ್ಲಿ ವಿವರಿಸಲಿ. ಅಲ್ಲಿನ ಕಾಫಿ ಸೀಮೆಯನ್ನು ಯುನೆಸ್ಕೊ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಕಡಿದಾದ ಇಳಿಜಾರಿನ ಸಣ್ಣ ಹಿಡುವಳಿಗಳ ಬದುಕನ್ನೂ ಲೆಕ್ಕಕ್ಕೆ ಹಿಡಿದು. ನಮ್ಮ ತೋಟ ಕಾರ್ಮಿಕರ ಲೈನ್‌ಮನೆಗಳ ಬದುಕನ್ನೂ ಪರಂಪರೆ ಎನ್ನುತ್ತೀರಾ ಎಂದು ಕೇಳಿ ನೋಡಿ. ತರಗತಿ ಕಾವೇರುತ್ತದೆ, ಏರಲಿ.

ಉತ್ತರ 2 (ನಿವೃತ್ತ ಉಪನ್ಯಾಸಕಿ, ಪೊನ್ನಂಪೇಟೆ):
ಕಾಫಿಯ ವಿಚಾರ ಒಪ್ಪಿದೆ. ಆದರೆ ಎಲ್ಲದರಲ್ಲೂ ಕೊಡಗನ್ನೇ ಹುಡುಕಿದರೆ ಆ ದೇಶಗಳು ಕಾಣದೆಯೇ ಉಳಿಯುತ್ತವೆ. ಮೆಕ್ಸಿಕೊದವರು ನವೆಂಬರ್ 1 ಮತ್ತು 2ರಂದು ಚೆಂಡುಹೂವಿನಿಂದ ಅಲಂಕರಿಸಿದ ಪೀಠದಲ್ಲಿ ತೀರಿಕೊಂಡವರಿಗೆ ಇಷ್ಟವಾದ ತಿನಿಸು, ಪಾನೀಯ ಇಡುತ್ತಾರೆಂದು ಹೇಳಿದ ಕೂಡಲೇ ನಮ್ಮ ಮಕ್ಕಳು “ಗುರುಕಾರಣರಿಗೆ ಮೀದಿ ಇಟ್ಟ ಹಾಗೆ” (ಕೊಡವರು ಕುಲದ ಹಿರಿಯರಿಗೆ ಎಡೆ ಇಡುವ ಪದ್ಧತಿ) ಎಂದು ಮುಗಿಸಿಬಿಡುತ್ತಾರೆ. ನಿಜವಾದ ಪಾಠ ಅಲ್ಲಿಂದ ಮುಂದಿನದು. ಆ ಆಚರಣೆಯಲ್ಲಿ ಸ್ಪೇನಿನವರು ತಂದ ಕ್ಯಾಥೊಲಿಕ್ ಹಬ್ಬವೂ ಮೂಲನಿವಾಸಿಗಳ ನಂಬಿಕೆಯೂ ಬೆರೆತಿವೆ. ಅಲ್ಲಿ ಅಜ್ಜಿ, ಅಣ್ಣ, ಸತ್ತುಹೋದ ಮಗು ಹೀಗೆ ಒಬ್ಬೊಬ್ಬರೂ ಆ ದಿನದ ಮಟ್ಟಿಗೆ ಮನೆಗೆ ಬಂದು ಹೋಗುವವರು. ನಮ್ಮ ಗುರುಕಾರಣನಾದರೋ ಇಡೀ ಒಕ್ಕದ, ಅಂದರೆ ಒಂದೇ ವಂಶದ ಮನೆತನದ, ಮೂಲಪುರುಷ, ಅದರ ಮೂಲಮನೆಯಾದ ಐನ್‌ಮನೆಗೆ ಸೇರಿದವನು. ಈ ವ್ಯತ್ಯಾಸ ಹೇಳಬಲ್ಲ ವಿದ್ಯಾರ್ಥಿಗೆ ಎರಡು ನಿಮಿಷ ಸಾಲದು. (ಚೆಂಡುಹೂವಿನ ತವರು ಮೆಕ್ಸಿಕೊ ಎಂಬುದನ್ನೂ ತಿಳಿಸಿ, ನಮ್ಮದೇ ಹೂವೆಂದು ವಾದಿಸುವವರು ಇದ್ದೇ ಇರುತ್ತಾರೆ.)

ಶಿಕ್ಷಕಿ, ಮಡಿಕೇರಿ:
ಇಬ್ಬರಿಗೂ ವಂದನೆಗಳು. ಈ ಅವಧಿಗೆ ಕೊಲಂಬಿಯಾವನ್ನೇ ಇಟ್ಟುಕೊಳ್ಳುತ್ತೇನೆ. ಸರ್, ಪೂಲ್ ಕಾಲದ ಬಗ್ಗೆ ನೀವೇ ಒಮ್ಮೆ ಮಕ್ಕಳೊಂದಿಗೆ ಕನ್ನಡದಲ್ಲಿ ಮಾತನಾಡಿದರೆ, ಅದನ್ನು ಸ್ಪ್ಯಾನಿಷ್‌ನಲ್ಲಿ ವರದಿ ಮಾಡುವ ಕೆಲಸ ಅವರಿಗೆ ಕೊಡಬಹುದು.