ಪದಚರ್ಚೆ: ‘ಹುಲ್ಲುಗಾವಲು’ ಇರುವಾಗ ‘ಸಂರಕ್ಷಿತ’ ಯಾಕೆ?

ಎಲ್ಲರಿಗೂ ನಮಸ್ಕಾರ.

ಇಲ್ಲಿನ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಒಂದು ಪ್ರವಾಸದ ಬರಹ ಕೊಡಬೇಕು. ಬರಹ ಮುಗಿದಿದೆ, ತಲೆಬರಹ ಮಾತ್ರ ಸಿಗುತ್ತಿಲ್ಲ. ನಾವು ಹೋಗಿದ್ದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಟಾಲ್‌ಗ್ರಾಸ್ ಪ್ರೇರಿ ನ್ಯಾಷನಲ್ ಪ್ರಿಸರ್ವ್‌ಗೆ, ಅಂದರೆ ಎತ್ತರದ ಹುಲ್ಲಿನ ಬಯಲನ್ನು ಕಾಪಾಡಿಟ್ಟ ಜಾಗಕ್ಕೆ. ಆ ಹೆಸರಿನಲ್ಲಿ ‘ನ್ಯಾಷನಲ್’ ಒಂದನ್ನು ಬಿಟ್ಟರೆ ಮಿಕ್ಕ ಪದಗಳೆಲ್ಲ ಕನ್ನಡಕ್ಕೆ ಬಾ ಅಂದರೆ ಕಾಲು ಕೆರೆದುಕೊಂಡು ಜಗಳಕ್ಕೆ ನಿಲ್ಲುತ್ತವೆ.

ಮೊದಲು ನಾನು ಬರೆದದ್ದು ‘ಸಂರಕ್ಷಿತ ಹುಲ್ಲುಗಾವಲಿನಲ್ಲಿ ಒಂದು ದಿನ’ ಎಂದು. ಮೇ ತಿಂಗಳಲ್ಲಿ ಅಪ್ಪನನ್ನು ಕರೆದುಕೊಂಡು ಹೋಗಿದ್ದೆವು. ನಮ್ಮದು ಕಡೂರು ಕಡೆ. ಕಾರು ಇಳಿದವರೇ ಅಪ್ಪ ಸೊಂಟಕ್ಕೆ ಕೈಯಿಟ್ಟು ಒಂದು ಸುತ್ತು ನೋಡಿ, “ಇದು ನಮ್ಮ ಕಾವಲು ಕಣಮ್ಮ” ಎಂದರು. ದನ ಮೇಯಲು ಕಾದಿಟ್ಟ ಬಯಲಿಗೆ ನಮ್ಮ ಕಡೆ ಕಾವಲು ಎನ್ನುತ್ತಾರೆ. ನಾನು ಸುಮ್ನೆ ಹೂಂಗುಟ್ಟಿದೆ. ಮನೆಗೆ ಬಂದು ತಲೆಬರಹ ನೋಡುವಾಗ ಅದು ತಲೆಗೆ ಹತ್ತಿತು.

ಹುಲ್ಲು + ಕಾವಲು = ಹುಲ್ಲುಗಾವಲು. ‘ಕ’ ಹೋಗಿ ‘ಗ’ ಬಂದಿದೆ, ಶಾಲೆಯಲ್ಲಿ ಓದಿದ ಆದೇಶ ಸಂಧಿ. ಮಳೆಗಾಲದ ಹಾಗೆಯೇ. ಕಾವಲು ಅಂದರೆ ಕಾಯುವುದು. ಅಂದಮೇಲೆ ಹುಲ್ಲುಗಾವಲು ಎಂದರೆ ಸುಮ್ನೆ ಹುಲ್ಲು ಬೆಳೆದ ಜಾಗ ಅಲ್ಲ, ಕಾದಿಟ್ಟ ಹುಲ್ಲಿನ ಜಾಗ. ಕಾಪಾಡುವ ಅರ್ಥ ಪದದ ಹೊಟ್ಟೆಯಲ್ಲೇ ಇದೆ. ಅದರ ಮುಂದೆ ‘ಸಂರಕ್ಷಿತ’ ಸೇರಿಸಿದರೆ ಗೇಟಿಗೆ ಎರಡು ಬೀಗ ಹಾಕಿದ ಹಾಗೆ. ಕಡೂರು ತಾಲ್ಲೂಕಿನಲ್ಲಿ ಬಾಸೂರು ಅಮೃತ ಮಹಲ್ ಕಾವಲು ಇದೆಯಲ್ಲ, ಅದನ್ನು ಈಗ ‘ಬಾಸೂರು ಅಮೃತ ಮಹಲ್ ಕಾವಲ್ ಸಂರಕ್ಷಣಾ ಮೀಸಲು’ ಎನ್ನುತ್ತಾರೆ. ಅಲ್ಲಿ ಮೂರು ಬೀಗ!

ಆದರೆ ಇವತ್ತಿನ ಓದುಗರಿಗೆ ‘ಗಾವಲು’ ಭಾಗ ಕೇಳಿಸುತ್ತದೆಯೇ? ಶಾಲೆಯ ಭೂಗೋಳ ಪುಸ್ತಕದಲ್ಲಿ ಪ್ರೇರಿ, ಸ್ಟೆಪ್ಪಿ, ಪಂಪಾಸ್, ಸವನ್ನಾ ಎಲ್ಲವೂ ‘ಹುಲ್ಲುಗಾವಲು’. ಯಾರೂ ಕಾಯದೆ ತಾನಾಗಿ ಬೆಳೆದವೂ ಅದರಲ್ಲಿ ಸೇರಿಬಿಟ್ಟಿವೆ. ಹಾಗಾಗಿ ಪದ ಸವೆದು ಬರೀ ‘ಹುಲ್ಲಿನ ಬಯಲು’ ಎಂಬ ಅರ್ಥಕ್ಕೆ ಬಂದು ನಿಂತಿದೆ ಅಂತ ನನ್ನ ಗುಮಾನಿ. ನಿಮಗೆ ಏನನ್ನಿಸುತ್ತದೆ?

‘ಪ್ರಿಸರ್ವ್’ಗೆ ಬೇರೆ ಪದ ಹುಡುಕೋಣ ಎಂದು ಕೂತರೆ ಇನ್ನೊಂದು ಫಜೀತಿ. ಅಭಯಾರಣ್ಯದಲ್ಲಿ ಅರಣ್ಯ ಇದೆ. ವನ್ಯಧಾಮದಲ್ಲಿ ವನ ಇದೆ. ರಕ್ಷಿತಾರಣ್ಯ, ಮೀಸಲು ಅರಣ್ಯ, ಅಲ್ಲೂ ಅದೇ ಕಥೆ. ಸರ್ಕಾರಿ ಕನ್ನಡದಲ್ಲಿ ಕಾಪಾಡುವುದು ಎಂದರೆ ಮರ ಕಾಪಾಡುವುದು! ಆದರೆ ಕ್ಯಾನ್ಸಸ್‌ನ ಆ ಬಯಲಿನಲ್ಲಿ ಹಳ್ಳದ ದಂಡೆ ಬಿಟ್ಟರೆ ಮರವೇ ಅಪರೂಪ. ಅಲ್ಲಿ ಮರ ಬಂದರೆ ಅಪಾಯ. ರೆಡ್ ಸೀಡರ್ ಎಂಬ ಗಿಡ ನುಗ್ಗಿ ಬೆಳೆದು ಹುಲ್ಲಿಗೆ ಬಿಸಿಲು ಸಿಗದಂತೆ ಮಾಡುತ್ತದೆ. ಅದಕ್ಕೇ ಬೇಕೆಂದೇ ಬೆಂಕಿ ಹಾಕುತ್ತಾರೆ. ಅಂಥ ಜಾಗವನ್ನು ಅಭಯಾರಣ್ಯ ಎಂದರೆ ಹುಲ್ಲಿಗೆ ಅವಮಾನ ಅಲ್ವಾ?

ಮಾಳ, ಗೋಮಾಳ ಇವೆ. ಆದರೆ ಗೋಮಾಳ ಊರಿನವರ ದನಕ್ಕೆ ಬಿಟ್ಟ ಜಾಗ. ಕಂದಾಯದವರ ‘ಹುಲ್ಲುಬನ್ನಿ ಖರಾಬು’ ಕೂಡ ಇದೆ. ಹುಲ್ಲುಬನ್ನಿ ಎಷ್ಟು ಚೆಂದದ ಪದ! ಪಕ್ಕದಲ್ಲಿ ಖರಾಬು ಅಂಟಿಸಿ ಕೆಡಿಸಿದ್ದಾರೆ. ಉಳಲಾಗದ್ದೆಲ್ಲ ಖರಾಬು. ತಮಾಷೆ ಏನೆಂದರೆ ಕ್ಯಾನ್ಸಸ್‌ನ ಈ ಹುಲ್ಲು ಉಳಿದದ್ದೂ ಖರಾಬು ಆಗಿದ್ದಕ್ಕೇ. ಒಂದು ಕಾಲಕ್ಕೆ ಉತ್ತರ ಅಮೆರಿಕದಲ್ಲಿ ಎತ್ತರದ ಹುಲ್ಲಿನ ಪ್ರೇರಿ ಸುಮಾರು 17 ಕೋಟಿ ಎಕರೆ ಹಬ್ಬಿತ್ತು. 1837ರಲ್ಲಿ ಜಾನ್ ಡೀರ್ ಉಕ್ಕಿನ ನೇಗಿಲು ಮಾಡಿದ. ಆ ಅಂಟು ಮಣ್ಣನ್ನು ಸೀಳುವುದು ಸುಲಭವಾಯಿತು. ಹುಲ್ಲು ಹೋಗಿ ಮೆಕ್ಕೆಜೋಳ ಬಂತು. ಈಗ ಉಳಿದಿರುವುದು ನೂರಕ್ಕೆ ನಾಲ್ಕು ಪಾಲೂ ಇಲ್ಲ. ಅದರಲ್ಲಿ ಹೆಚ್ಚಿನದು ಈ ಪ್ರಿಸರ್ವ್ ಇರುವ ಫ್ಲಿಂಟ್ ಹಿಲ್ಸ್ ಎಂಬ ಗುಡ್ಡಗಳಲ್ಲಿ. ಅಲ್ಲಿ ಮೇಲ್ಮಣ್ಣು ತೆಳು, ಕೆಳಗೆ ಸುಣ್ಣಕಲ್ಲು, ಅದರ ನಡುವೆ ಚಕಮಕಿ ಕಲ್ಲಿನ (ಇಂಗ್ಲಿಷಿನ ಫ್ಲಿಂಟ್) ಪದರ. ನೇಗಿಲು ಇಳಿಯಲಿಲ್ಲ. 1806ರಲ್ಲಿ ಆ ದಾರಿಯಲ್ಲಿ ಹೋದ ಅಮೆರಿಕದ ಅನ್ವೇಷಕ ಜೆಬುಲನ್ ಪೈಕ್ ‘ಫ್ಲಿಂಟ್ ಹಿಲ್ಸ್’ ಎಂಬ ಹೆಸರನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟ. ನನ್ನ ಬರಹದಲ್ಲಿ ನಾನು ‘ಚಕಮಕಿ ಗುಡ್ಡ’ ಎಂದು ಹಾಕಿದ್ದೇನೆ. ಇದಕ್ಕೆ ಯಾರ ತಕರಾರೂ ಇರಲಿಕ್ಕಿಲ್ಲ ಅಂದುಕೊಂಡಿದ್ದೇನೆ.

ನಮ್ಮ ಮನೆಯವರು ಶಿರಸಿ ಕಡೆಯವರು. “ಮಾವ, ಇದು ಕಾವಲು ಅಲ್ಲ, ನಮ್ಮ ಬೇಣ” ಎಂದು ಅಲ್ಲೇ ವಾದ ತೆಗೆದರು. ಬೇಣ ಅಂದರೆ ಗುಡ್ಡದ ಓರೆಯಲ್ಲಿ ಹುಲ್ಲಿಗೆಂದೇ ಬಿಟ್ಟ ಜಾಗ. ಮಳೆಗಾಲ ಕಳೆದ ಮೇಲೆ ಕರಡ (ಒಣಹುಲ್ಲು) ಕೊಯ್ದು ಕೊಟ್ಟಿಗೆಗೆ ತರುತ್ತಾರೆ. ನೋಡಲು ಬೇಣದ ಹಾಗೆಯೇ ಇದೆ, ಒಪ್ಪಿದೆ. ಆದರೆ ಬೇಣ ಒಂದು ಮನೆಯ ಲೆಕ್ಕದ್ದು. ಇದು ಸುಮಾರು 10,900 ಎಕರೆ. ಅಪ್ಪ ಅಷ್ಟಕ್ಕೇ ಗೆದ್ದರು.

‘ಕಾವಲು’ ಹೊಂದಲು ಇನ್ನೂ ಒಂದು ಕಾರಣ ಇದೆ. ಮೈಸೂರು ಅರಸರ ಕಾಲದಲ್ಲಿ ಕಾವಲು ಇಟ್ಟದ್ದು ಅಮೃತ ಮಹಲ್ ದನಗಳಿಗಾಗಿ. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಇನ್ನೊಂದು, ಚಳಿಗಾಲಕ್ಕೆ ಮತ್ತೊಂದು. ಮೇಯಿಸಿಕೊಂಡೇ ಕಾಪಾಡುವ ಲೆಕ್ಕ. ಕ್ಯಾನ್ಸಸ್‌ನಲ್ಲೂ ಅದೇ. ಈ ಜಾಗ ಮೊದಲು ದನಗಳ ರಾಂಚ್ ಆಗಿತ್ತು. 1881ರಲ್ಲಿ ಕಟ್ಟಿದ ಕಲ್ಲಿನ ಮನೆ ಇವತ್ತಿಗೂ ನಿಂತಿದೆ. 1996ರಲ್ಲಿ ಪ್ರಿಸರ್ವ್ ಆದಮೇಲೂ ದನ ಮೇಯುವುದು ನಿಂತಿಲ್ಲ. ಸರ್ಕಾರದ ನ್ಯಾಷನಲ್ ಪಾರ್ಕ್ ಸರ್ವಿಸ್‌ನವರು ಮತ್ತು ನೇಚರ್ ಕನ್ಸರ್ವೆನ್ಸಿ ಎಂಬ ಖಾಸಗಿ ಸಂಸ್ಥೆಯವರು ಸೇರಿ ನೋಡಿಕೊಳ್ಳುತ್ತಾರೆ. ಮುಟ್ಟದೆ ಬೇಲಿ ಹಾಕಿಟ್ಟ ಜಾಗ ಅಲ್ಲ ಇದು. ಮೇಯಬೇಕು, ಸುಡಬೇಕು, ಮತ್ತೆ ಚಿಗುರಬೇಕು. ‘ಸಂರಕ್ಷಿತ’ ಎಂಬ ಪದದಲ್ಲಿ ಇದು ಬರುವುದಿಲ್ಲ, ‘ಕಾವಲು’ ಅಂದಾಗ ಬರುತ್ತದೆ. ಸದ್ಯಕ್ಕೆ ನನ್ನ ಮನಸ್ಸು ‘ಪ್ರೇರಿ ಕಾವಲು’ ಎಂಬ ಕಡೆಗಿದೆ. ಪ್ರೇರಿ ಹಾಗೇ ಇರಲಿ. ಇಂಗ್ಲಿಷಿನವರೇ ಅದನ್ನು ಫ್ರೆಂಚಿನಿಂದ ಎತ್ತಿಕೊಂಡವರು. ನಮಗೇನು ಮುಜುಗರ?

ಉಳಿದದ್ದು ‘ಟಾಲ್‌ಗ್ರಾಸ್’. ‘ಎತ್ತರದ ಹುಲ್ಲು’ ಸಪ್ಪೆ. ‘ಆಳೆತ್ತರದ ಹುಲ್ಲು’ ನನಗೆ ಇಷ್ಟ. ಬಿಗ್ ಬ್ಲೂಸ್ಟೆಮ್ ಎಂಬ ಮುಖ್ಯ ಹುಲ್ಲು ಒಳ್ಳೆಯ ಮಳೆಯಾದ ವರ್ಷ ಆರು ಅಡಿ ದಾಟುತ್ತದೆ. ಅದರ ಬೇರು ಹತ್ತು ಅಡಿಯವರೆಗೂ ಇಳಿಯಬಹುದು. ಮೇಲೆ ಆಳೆತ್ತರ, ಕೆಳಗೆ ಅದಕ್ಕಿಂತ ಆಳ. ಆದರೆ ತೊಂದರೆ ಏನೆಂದರೆ ಹುಲ್ಲು ಅಷ್ಟು ಬೆಳೆಯುವುದು ಸೆಪ್ಟೆಂಬರ್ ಹೊತ್ತಿಗೆ. ನಾವು ಹೋದಾಗ ಮೊಣಕಾಲಿಗೂ ಬರುತ್ತಿರಲಿಲ್ಲ. ಅಪ್ಪನ ಫೋಟೋದಲ್ಲಿ ಪಂಚೆಯ ಅಂಚು ಕೂಡ ಕಾಣುತ್ತದೆ. ಅದರ ಕೆಳಗೆ ‘ಆಳೆತ್ತರದ ಹುಲ್ಲು’ ಎಂದು ಹಾಕಿದರೆ ಓದುಗರು ನಗುತ್ತಾರೆ. ಇಂಗ್ಲಿಷಿನಲ್ಲಿ ಅದು ಒಂದು ಬಗೆಯ ಹೆಸರು. ಪಡುವಲಕ್ಕೆ ಹೋದಂತೆ ಮಳೆ ಕಡಿಮೆ, ಹುಲ್ಲು ಗಿಡ್ಡ. ಅಲ್ಲಿನದು ಶಾರ್ಟ್‌ಗ್ರಾಸ್, ನಡುವಿನದು ಮಿಕ್ಸ್ಡ್‌ಗ್ರಾಸ್. ಹಾಗೆ ಬಗೆಯನ್ನು ಹೇಳಲು ‘ನೀಳಹುಲ್ಲು, ಗಿಡ್ಡಹುಲ್ಲು’ ಎಂದರೆ ನಡೆಯುತ್ತದೆಯೇ? ‘ನೀಳ’ ಎಂದರೆ ನನಗೆ ಜಡೆ ನೆನಪಾಗುತ್ತದೆ, ಅದೇ ಅನುಮಾನ.

ಇನ್ನೆರಡು ಸಣ್ಣ ಪ್ರಶ್ನೆ.

ಬೈಸನ್‌ಗೆ ಪತ್ರಿಕೆಗಳಲ್ಲಿ ಕಾಡೆಮ್ಮೆ, ಕಾಡುಕೋಣ ಎಂದು ಬರೆಯುವುದನ್ನು ನೋಡಿದ್ದೇನೆ. ಆದರೆ ನಮ್ಮ ಮಲೆನಾಡಿನ ಕಾಟಿ ಬೇರೆ ಪ್ರಾಣಿ, ಕಾಡಿನೊಳಗಿನದು. ಇದು ಬಯಲಿನದು, ಹೆಗಲ ಮೇಲೆ ಕಂಬಳಿ ಹೊದ್ದ ಹಾಗೆ ಕೂದಲು. 2009ರಲ್ಲಿ ಸೌತ್ ಡಕೋಟದ ವಿಂಡ್ ಕೇವ್‌ನಿಂದ 13 ಬೈಸನ್ ತಂದು ಇಲ್ಲಿ ಬಿಟ್ಟರಂತೆ. ‘ಕಾಡು’ ಇಲ್ಲದ ಕಡೆ ಕಾಡೆಮ್ಮೆ ಎನ್ನಲು ಕೈ ಬರುತ್ತಿಲ್ಲ. ನಾನಂತೂ ‘ಬೈಸನ್’ ಎಂದೇ ಬಿಟ್ಟಿದ್ದೇನೆ.

ಇನ್ನು ಬೇಕೆಂದೇ ಹಾಕುವ ಬೆಂಕಿ. ವಸಂತದಲ್ಲಿ ಒಂದೊಂದು ವರ್ಷ ಒಂದೊಂದು ಭಾಗ ಸುಡುತ್ತಾರೆ. ಸುಟ್ಟ ಕಡೆ ಎಳೆ ಹುಲ್ಲು ಬರುತ್ತದೆ, ದನವೂ ಬೈಸನ್ನೂ ಅಲ್ಲಿಗೇ ಹೋಗುತ್ತವೆ. ಕಾಡ್ಗಿಚ್ಚು ಅನ್ನುವ ಹಾಗಿಲ್ಲ, ಅದು ಕೈಮೀರಿದ ಬೆಂಕಿ. ‘ಕಿಚ್ಚು ಹಾಯಿಸುವುದು’ ಎನ್ನೋಣ ಎಂದರೆ ಸಂಕ್ರಾಂತಿಯ ದಿನ ದನ ಓಡಿಸುವುದು ನೆನಪಾಗುತ್ತದೆ. ‘ನಿಯಂತ್ರಿತ ದಹನ’ ಎಂಬುದು ಆಫೀಸಿನ ಕಾಗದದಲ್ಲಿ ಇರಲಿ. ಊರಲ್ಲಿ ದನ ಕಾಯುವವರೂ ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಇಕ್ಕುತ್ತಿದ್ದರು ಎಂದು ಅಪ್ಪ ಹೇಳುತ್ತಾರೆ. ಆ ಕೆಲಸಕ್ಕೆ ಹೆಸರು ಏನಿತ್ತು ಅಂದರೆ, “ಹೆಸರೇನು, ಬೆಂಕಿ ಹಾಕೋದು” ಎಂದರು. ಚಳ್ಳಕೆರೆ, ಅಜ್ಜಂಪುರ, ಹೊಸದುರ್ಗದ ಕಡೆ ಕಾವಲಿನ ಪಕ್ಕ ಬೆಳೆದವರು ಯಾರಾದರೂ ಇದ್ದರೆ, ನಿಮ್ಮ ಮನೆಯ ಹಿರಿಯರನ್ನು ಒಂದು ಮಾತು ಕೇಳಿ.

ನಮ್ಮ ಮನೆಯವರದು ಇನ್ನೊಂದು ಎಚ್ಚರಿಕೆ: ಒಂದು ‘ಉ’ ಹೋಗಿ ‘ಇ’ ಅಚ್ಚಾದರೆ ‘ಪ್ರೇರಿ ಕಾವಲಿ’ ಆಗುತ್ತದೆ, ಜನ ದೋಸೆ ಹುಡುಕಿಕೊಂಡು ಬರುತ್ತಾರೆ. ಸುಟ್ಟ ನೆಲದ ಫೋಟೋ ನೋಡಿದರೆ ಅದೂ ತೀರಾ ತಪ್ಪಲ್ಲ. ಸಂಚಿಕೆ ಅಚ್ಚಿಗೆ ಹೋಗಲು ಇನ್ನೂ ಹತ್ತು ದಿನ ಇದೆ.